ಬಿದ್ದ ಹಲ್ಲು ಹಾಲಿಗೆ, ಊದಿದ ಕೆನ್ನೆ ಆಸ್ಪತ್ರೆಗೆ

ಹಲ್ಲುನೋವಿಗೆ ಒಂದು ಕೆಟ್ಟ ಗುಣ. ಹಗಲೆಲ್ಲ ಸಣ್ಣಗೆ ಮಿಣುಗುಟ್ಟುತ್ತಿದ್ದು, ಊರಿನ ಕ್ಲಿನಿಕ್ಕುಗಳೆಲ್ಲ ಶಟರ್ ಎಳೆದ ಮೇಲೆ, ತಲೆ ದಿಂಬಿಗೆ ತಾಗಿದ ಕೂಡಲೇ ಕೆರಳುತ್ತದೆ. ಇದು ಗ್ರಹಚಾರವಲ್ಲ, ಹಲ್ಲಿನ ಕಟ್ಟಡವೇ ಹಾಗಿದೆ. ಮೇಲಿನ ಗಟ್ಟಿ ಎನಾಮೆಲ್, ಅದರೊಳಗಿನ ಡೆಂಟಿನ್ ಎರಡನ್ನೂ ದಾಟಿದರೆ ಸಿಗುವುದು ತಿರುಳು: ರಕ್ತನಾಳ, ನರಗಳ ಮೆತ್ತನೆಯ ಎಳೆ. ಹುಳುಕು ಅಲ್ಲಿಯವರೆಗೆ ಕೊರೆದರೆ ತಿರುಳು ಊದಿಕೊಳ್ಳುತ್ತದೆ. ಕೈಯೋ ಕಾಲೋ ಆಗಿದ್ದರೆ ಊತ ಹೊರಕ್ಕೆ ಹಿಗ್ಗುತ್ತಿತ್ತು. ಇಲ್ಲಿ ಸುತ್ತಲೂ ಗಟ್ಟಿ ಗೋಡೆ, ಹಿಗ್ಗಲು ಜಾಗವಿಲ್ಲ. ಒತ್ತಡವೆಲ್ಲ ನರದ ಮೇಲೆಯೇ ಬೀಳುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಇನ್ನಷ್ಟು ಏರುವುದರಿಂದ ಎದೆಬಡಿತದ ಲಯಕ್ಕೇ ಹಲ್ಲು ಮಿಡಿಯತೊಡಗುತ್ತದೆ. ಎರಡು ದಿಂಬಿಟ್ಟು ಒರಗಿ ಕೂತರೆ ನೋವು ಸ್ವಲ್ಪ ತಗ್ಗುವುದು ಇದೇ ಕಾರಣಕ್ಕೆ.

ಇಷ್ಟೆಲ್ಲ ಕಾಡುವ ಈ ನೋವು, ನಿಜ ಹೇಳಬೇಕೆಂದರೆ, ಬೆಳಗಿನವರೆಗೆ ಕಾಯಬಲ್ಲದು. ಕಾಯಲಾಗದ ತೊಂದರೆಗಳು ಬೇರೆಯೇ ಇವೆ, ಅವುಗಳಲ್ಲಿ ಕೆಲವಕ್ಕೆ ಇಷ್ಟು ನೋವೇ ಇರುವುದಿಲ್ಲ. ಬಾಯಿಯ ವಿಷಯದಲ್ಲಿ ಎಷ್ಟು ನೋವು ಎನ್ನುವುದಕ್ಕೂ ಎಷ್ಟು ತುರ್ತು ಎನ್ನುವುದಕ್ಕೂ ತಾಳೆಯಾಗುವುದಿಲ್ಲ. ಇದು ಗೊತ್ತಿಲ್ಲದೆ ನಾವು ಓಡಬೇಕಾದಲ್ಲಿ ಕೂರುತ್ತೇವೆ, ಕೂರಬಹುದಾದಲ್ಲಿ ಮೆಡಿಕಲ್ ಶಾಪಿಗೆ ಓಡುತ್ತೇವೆ.

ಸಂಜೆ ಆಟದ ಮೈದಾನ. ಎಂಟು ವರ್ಷದ ಹುಡುಗ ಮುಗ್ಗರಿಸಿ ಮುಖ ಅಡಿಯಾಗಿ ಬಿದ್ದ. ಮೇಲಿನ ಬಾಚಿಹಲ್ಲು ಬೇರುಸಹಿತ ಕಿತ್ತು ಮಣ್ಣಿನಲ್ಲಿದೆ. ರಕ್ತ ಹರಿಯುತ್ತದೆ, ಗಾಬರಿ ಇರುತ್ತದೆ, ನೋವು ಮಾತ್ರ ಅಂದುಕೊಂಡಷ್ಟಿರುವುದಿಲ್ಲ. ದೊಡ್ಡವರು ಬಾಯಿ ತೊಳೆಸಿ, ಹಲ್ಲನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ನಾಳೆ ಡಾಕ್ಟರಿಗೆ ತೋರಿಸೋಣ ಎನ್ನುತ್ತಾರೆ. ಆ ಹಲ್ಲು ಉಳಿಯುವ ಆಸೆ ಅಲ್ಲಿಗೆ ಮುಗಿದಂತೆ.

ಹಲ್ಲು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ನವಿರಾದ ನಾರಿನ ಪೊರೆಯೊಂದಿದೆ. ಹಲ್ಲು ಕಿತ್ತಾಗ ಪೊರೆ ಹರಿದು, ಅದರ ಅರ್ಧ ಬೇರಿನ ಮೇಲೆ ಜೀವಂತವಾಗಿ ಉಳಿದಿರುತ್ತದೆ. ಅದರ ಜೀವಕೋಶಗಳು ಬದುಕಿದ್ದರೆ ಹಲ್ಲನ್ನು ವಾಪಸ್ ಗೂಡಿಗೆ ಕೂರಿಸಿದಾಗ ಪೊರೆ ಮತ್ತೆ ಬೆಸೆದುಕೊಳ್ಳುತ್ತದೆ. ಅವು ಒಣಗಿ ಸತ್ತಿದ್ದರೆ ಹಲ್ಲು ಮೂಳೆಗೇ ಅಂಟಿಕೊಂಡು, ವರ್ಷಗಳು ಕಳೆದಂತೆ ಬೇರು ಕರಗಿಹೋಗುತ್ತದೆ. ಡೆನ್ಮಾರ್ಕಿನ ದಂತವಿಜ್ಞಾನಿ ಯೆನ್ಸ್ ಆಂಡ್ರೀಸನ್ ಮತ್ತು ಅವರ ಸಹೋದ್ಯೋಗಿ 1966ರಲ್ಲಿ ಹೀಗೆ ಮರಳಿ ಕೂರಿಸಿದ 110 ಹಲ್ಲುಗಳ ಕತೆಯನ್ನು ಪ್ರಕಟಿಸಿದರು. ಅರ್ಧ ಗಂಟೆಯೊಳಗೆ ಗೂಡು ಸೇರಿದ ಹಲ್ಲುಗಳಲ್ಲಿ ಹತ್ತಕ್ಕೆ ಒಂಬತ್ತರ ಬೇರು ಕರಗಿರಲಿಲ್ಲ. ಎರಡು ಗಂಟೆ ದಾಟಿದವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಕರಗಿದ್ದವು. ಆ ಅರ್ಧ ಗಂಟೆಯ ಲೆಕ್ಕ ಇಂದಿಗೂ ಬದಲಾಗಿಲ್ಲ.

ಹಾಗಾಗಿ ಮೈದಾನದಲ್ಲಿ ಇರುವವರೇ ಮೊದಲ ವೈದ್ಯರು. ಹುಡುಗನಿಗೆ ಎಚ್ಚರವಿದೆ, ವಾಂತಿಯಿಲ್ಲ, ತಲೆಗೆ ಪೆಟ್ಟಾಗಿಲ್ಲ ಎಂದು ಖಾತ್ರಿಯಾದ ಮೇಲೆ ಹಲ್ಲನ್ನು ಹುಡುಕಿ. ಬಿಳಿಯ ಭಾಗವನ್ನೇ ಹಿಡಿಯಿರಿ, ಹಳದಿ ಬೇರನ್ನು ಮುಟ್ಟಬೇಡಿ. ಮಣ್ಣು ಮೆತ್ತಿದೆಯೆಂದು ಬ್ರಶ್ಶಿನಿಂದಲೋ ಪಂಚೆಯ ಅಂಚಿನಿಂದಲೋ ಉಜ್ಜುವುದೆಂದರೆ ಉಳಿಸಬೇಕಾದ ಪೊರೆಯನ್ನೇ ಕೆರೆದು ಹಾಕಿದಂತೆ. ಹಾಲಿನಲ್ಲಿ ಮೆಲ್ಲಗೆ ಅಲುಗಿಸಿದರೆ ಸಾಕು. ಧೈರ್ಯವಿದ್ದರೆ ಅಲ್ಲೇ, ಪಕ್ಕದ ಹಲ್ಲನ್ನು ನೋಡಿಕೊಂಡು, ಮುಂಭಾಗ ಮುಂದಕ್ಕೆ ಬರುವಂತೆ ಗೂಡಿಗೆ ಒತ್ತಿ, ಕರವಸ್ತ್ರ ಕಚ್ಚಿಸಿ ಹೊರಡಿ. ಎಷ್ಟೋ ಜನ ಓದಿದವರೂ ಈ ಮಾತಿಗೆ ಬೆಚ್ಚುತ್ತಾರೆ. ಆದರೆ ಜಗತ್ತಿನ ದಂತ ಅಪಘಾತ ತಜ್ಞರೆಲ್ಲ ಒಪ್ಪಿದ ಮೊದಲ ಹೆಜ್ಜೆ ಇದೇ. ಧೈರ್ಯ ಸಾಲದಿದ್ದರೆ ಹಾಲಿದೆ. ಹತ್ತಿರದ ಅಂಗಡಿಯಲ್ಲಿ ನಂದಿನಿ ಪ್ಯಾಕೆಟ್ ಕೊಂಡು ಲೋಟಕ್ಕೆ ಸುರಿದು, ಹಲ್ಲನ್ನು ಅದರಲ್ಲಿ ಮುಳುಗಿಸಿ ದಂತವೈದ್ಯರ ಬಳಿಗೆ ಓಡಿ.

ಹಾಲೇ ಏಕೆ? 1980ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಸಂಶೋಧಕರು ಹಾಲು, ಎಂಜಲು, ನೀರು ಮುಂತಾದವನ್ನು ಹೋಲಿಸಿ ನೋಡಿದಾಗ ಹಾಲು ಗೆದ್ದಿತು. ಅದರಲ್ಲಿ ಕರಗಿರುವ ಲವಣಗಳ ಸಾಂದ್ರತೆ ನಮ್ಮ ಜೀವಕೋಶಗಳಿಗೆ ಹೊಂದುತ್ತದೆ, ಆಮ್ಲತೆಯೂ ಇಲ್ಲವೆನ್ನುವಷ್ಟು ಕಡಿಮೆ. ನಲ್ಲಿ ನೀರಿನಲ್ಲಿ ಇಟ್ಟರೆ ನೀರು ಕೋಶದೊಳಕ್ಕೆ ನುಗ್ಗಿ ಕೋಶ ಒಡೆಯುತ್ತದೆ. ಎಳನೀರು ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ಅದರ ಮೇಲೂ ಪ್ರಯೋಗಗಳಾಗಿವೆ, ಆದರೆ ಅದು ತುಸು ಹುಳಿ. ಹಾಲಿರುವಾಗ ಅದರ ಗೊಡವೆ ಬೇಡ. ವೈದ್ಯರು ಹಲ್ಲನ್ನು ಕೂರಿಸಿ ಸುಮಾರು ಎರಡು ವಾರ ಪಕ್ಕದ ಹಲ್ಲುಗಳಿಗೆ ಸಣ್ಣ ತಂತಿಯಿಂದ ಬಿಗಿಯುತ್ತಾರೆ, ಟೆಟನಸ್ ಚುಚ್ಚುಮದ್ದಿನ ಬಗ್ಗೆಯೂ ವಿಚಾರಿಸುತ್ತಾರೆ.

ಇದೆಲ್ಲ ಶಾಶ್ವತ ಹಲ್ಲಿನ ಮಾತು. ಹಾಲುಹಲ್ಲು ಕಿತ್ತುಬಂದರೆ ಮತ್ತೆ ಕೂರಿಸಲೇಬಾರದು, ಕೆಳಗೆ ಬೆಳೆಯುತ್ತಿರುವ ಹೊಸ ಹಲ್ಲಿನ ಮೊಳಕೆಗೆ ಪೆಟ್ಟಾದೀತು. ಅದನ್ನು ಸಗಣಿಯಲ್ಲಿಟ್ಟು ಹಂಚಿನ ಮೇಲೆ ಎಸೆಯುವ ಸಂಭ್ರಮಕ್ಕೆ ಅಡ್ಡಿಯಿಲ್ಲ. ಮಗುವಿನ ಬಾಯನ್ನು ಮಾತ್ರ ವೈದ್ಯರಿಗೆ ತೋರಿಸಿ.

ಎರಡನೆಯ ತುರ್ತು ಇದಕ್ಕಿಂತ ಭಯಂಕರ, ಏಕೆಂದರೆ ಇದು ಸಮಾಧಾನದ ವೇಷದಲ್ಲಿ ಬರುತ್ತದೆ. ಊದಿದ ತಿರುಳು ಕೊನೆಗೊಮ್ಮೆ ಸಾಯುತ್ತದೆ, ಅದರ ಜೊತೆ ನರವೂ ಸಾಯುತ್ತದೆ. ವಾರವಿಡೀ ಕಾಡಿದ ನೋವು ಇದ್ದಕ್ಕಿದ್ದಂತೆ ನಿಂತು, ಲವಂಗ ಕೆಲಸ ಮಾಡಿತು ಎಂದು ಮನೆಮಂದಿ ಖುಷಿಪಡುತ್ತಾರೆ. ಆದರೆ ಸೋಂಕು ಸತ್ತ ತಿರುಳಿನಲ್ಲಿ ಆರಾಮವಾಗಿ ಬೆಳೆದು, ಬೇರಿನ ತುದಿಯಿಂದ ಮೂಳೆಗೆ ಇಳಿದು ಕೀವಾಗುತ್ತದೆ. ಕೆಳದವಡೆಯ ಹಿಂದಿನ ಹಲ್ಲುಗಳ ಬೇರುಗಳು ಬಾಯಿಯ ತಳದ ಸ್ನಾಯುವಿಗಿಂತಲೂ ಕೆಳಗೆ ಚಾಚಿರುತ್ತವೆ. ಅಲ್ಲಿಂದ ಹೊರಟ ಕೀವು ಗದ್ದದ ಅಡಿಗೆ, ಕತ್ತಿಗೆ ಹರಡುತ್ತದೆ. ಎರಡೂ ಕಡೆ ಊದಿಕೊಂಡು ನಾಲಿಗೆಯನ್ನು ಮೇಲಕ್ಕೂ ಹಿಂದಕ್ಕೂ ತಳ್ಳಿ ಉಸಿರಿನ ದಾರಿಯನ್ನೇ ಕಟ್ಟಬಲ್ಲ ಈ ಸ್ಥಿತಿಯನ್ನು 1836ರಲ್ಲಿ ವಿವರಿಸಿದವನು ಜರ್ಮನಿಯ ವೈದ್ಯ ವಿಲ್ಹೆಲ್ಮ್ ಫ್ರೀಡ್ರಿಶ್ ಫಾನ್ ಲುಡ್ವಿಗ್. ಇಂದಿಗೂ ಅದಕ್ಕೆ ಲುಡ್ವಿಗ್ಸ್ ಆಂಜೈನಾ ಎಂದೇ ಹೆಸರು. ಆಂಟಿಬಯೋಟಿಕ್ ಬರುವ ಮೊದಲು ಇದಕ್ಕೆ ಸಿಕ್ಕಿದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಈ ಸೋಂಕು ಬೇಗ ಹರಡುತ್ತದೆ.

ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿಲ್ಲ, ಎಂಜಲು ನುಂಗಲಾಗದೆ ಸುರಿಯುತ್ತಿದೆ, ಮಾತು ಬಾಯಲ್ಲಿ ಬಿಸಿ ಅನ್ನವಿದ್ದವರ ಹಾಗೆ ಕೇಳುತ್ತಿದೆ, ಗದ್ದದಡಿ ಗಟ್ಟಿ ಊತ, ಜೊತೆಗೆ ಜ್ವರ. ಇವುಗಳಲ್ಲಿ ಒಂದೆರಡು ಕಂಡರೂ ದಂತ ಕ್ಲಿನಿಕ್ಕಿನ ಬಾಗಿಲು ತೆರೆಯುವುದನ್ನು ಕಾಯಬೇಡಿ. 108ಕ್ಕೆ ಕರೆಮಾಡಿ, ದೊಡ್ಡ ಆಸ್ಪತ್ರೆಯ ಕ್ಯಾಶುಯಾಲ್ಟಿಗೆ ಹೋಗಿ. ಅಲ್ಲಿ ಬೇಕಾಗಿರುವುದು ಮೊದಲು ಉಸಿರು ಕಾಯುವವರು, ರಕ್ತನಾಳಕ್ಕೆ ಔಷಧ ಕೊಡುವವರು, ಕೀವಿಗೆ ದಾರಿ ಮಾಡುವ ಶಸ್ತ್ರವೈದ್ಯರು. ಹಲ್ಲಿನ ಗತಿ ಆಮೇಲೆ ನೋಡಿದರಾಯಿತು.

ಇನ್ನು ಆ ರಾತ್ರಿಯ ನೋವಿಗೆ ಮರಳಿದರೆ, ಅದಕ್ಕೆ ನಮ್ಮಲ್ಲಿ ನಡೆಯುವ ಚಿಕಿತ್ಸೆಯೇ ಒಂದು ತಮಾಷೆ. ಮೆಡಿಕಲ್ ಶಾಪಿನಲ್ಲಿ ಹಲ್ಲುನೋವು ಎಂದರೆ ಸಾಕು, ಆಂಟಿಬಯೋಟಿಕ್ ಮಾತ್ರೆ ಕತ್ತರಿಸಿ ಕೊಡುತ್ತಾರೆ. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ ಎಂಬುದು ಬೇರೆ ಮಾತು. ಅದಕ್ಕಿಂತ ಮುಖ್ಯವಾಗಿ, ಊದಿದ ತಿರುಳಿನ ನೋವು ಆಂಟಿಬಯೋಟಿಕ್‌ನಿಂದ ತಗ್ಗುವುದೇ ಇಲ್ಲ. ತಿರುಳು ಸತ್ತ ಮೇಲಂತೂ ಅಲ್ಲಿಗೆ ರಕ್ತವೇ ಹರಿಯುವುದಿಲ್ಲ, ಮದ್ದು ತಲುಪುವುದಾದರೂ ಹೇಗೆ? ಆರೋಗ್ಯವಂತ ವಯಸ್ಕರಿಗೆ ಇಂಥ ನೋವಿಗೆ ಆಂಟಿಬಯೋಟಿಕ್ ಕೊಡಬೇಡಿ ಎಂದು ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಖಚಿತವಾಗಿ ಹೇಳಿತು. ನೋವು ತಗ್ಗಿಸುವುದು ಐಬುಪ್ರೊಫೆನ್, ಪ್ಯಾರಸಿಟಮಾಲ್‌ನಂಥ ಮಾತ್ರೆಗಳು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರು, ಗರ್ಭಿಣಿಯರು, ಡೆಂಗಿ ಇರಬಹುದಾದ ಜ್ವರದವರು ಐಬುಪ್ರೊಫೆನ್ ತಂಟೆಗೆ ಹೋಗಬಾರದು. ಮಾತ್ರೆಯನ್ನು ನುಂಗಬೇಕು, ಪುಡಿಮಾಡಿ ಹಲ್ಲಿನ ಪಕ್ಕ ಇಡುವುದಲ್ಲ. ಆಸ್ಪಿರಿನ್ ಹಾಗೆ ಇಟ್ಟರೆ ಒಸಡು ಸುಟ್ಟು ಬಿಳಿಚಿಕೊಳ್ಳುತ್ತದೆ. ಸುಣ್ಣ, ಕಡ್ಡಿಪುಡಿ ತುಂಬುವವರಿಗೂ ಇದೇ ಮಾತು. ಲವಂಗದೆಣ್ಣೆಯನ್ನು ಮಾತ್ರ ನಗೆಯಾಡುವಂತಿಲ್ಲ. ಅದರಲ್ಲಿರುವ ಯೂಜಿನಾಲ್ ನರವನ್ನು ಮರಗಟ್ಟಿಸುತ್ತದೆ, ದಂತವೈದ್ಯರ ತಾತ್ಕಾಲಿಕ ಸಿಮೆಂಟಿನಲ್ಲೂ ಅದೇ ಇದೆ. ಹತ್ತಿಯ ತುದಿಗೆ ಒಂದು ಹನಿ, ಅಷ್ಟೇ.

ಕ್ಲಿನಿಕ್ಕಿನ ಬೆಂಚಿನ ಮೇಲೆ ತಣ್ಣೀರಿನ ಬಾಟಲಿ ಹಿಡಿದು, ನಿಮಿಷಕ್ಕೊಮ್ಮೆ ಗುಟುಕು ತುಂಬಿಕೊಂಡು ಕೂತವರನ್ನು ನೀವೂ ನೋಡಿರಬಹುದು. ಯಾವ ಹಲ್ಲು ಎಂದು ಕೇಳಿದರೆ ಅರ್ಧ ಮುಖವನ್ನೇ ತೋರಿಸುತ್ತಾರೆ. ವೈದ್ಯರಿಗೆ ಇವೆರಡೂ ಉಪಯುಕ್ತ ಸುಳಿವುಗಳು. ತಣ್ಣೀರು ಹಿತವೆನಿಸಿದರೆ ತಿರುಳು ಮರಳಿ ಸರಿಹೋಗುವ ಹಂತ ದಾಟಿದೆ ಎಂದರ್ಥ. ಜಾಗ ಹೇಳಲಾಗದಿರುವುದು ಸಹಜ, ಏಕೆಂದರೆ ಯಾವ ಹಲ್ಲೆಂದು ಗುರುತಿಸುವ ಸಂವೇದನೆ ತಿರುಳಿನಲ್ಲಿಲ್ಲ, ಬೇರಿನ ಪೊರೆಯಲ್ಲಿದೆ. ಕಚ್ಚಿದಾಗ ಇದೇ ಹಲ್ಲು, ಇದು ಉದ್ದವಾದ ಹಾಗಿದೆ ಎಂದು ಬೆರಳಿಟ್ಟು ತೋರಿಸಬಲ್ಲಿರಿ ಎಂದಾದರೆ ಸೋಂಕು ಬೇರಿನಾಚೆಗೆ ಇಳಿದಿದೆ. ಮರುದಿನ ವೈದ್ಯರು ಮರಗಟ್ಟಿಸಿ ಹಲ್ಲು ತೆರೆದು ತಿರುಳು ತೆಗೆದರೆ, ವಾರದ ಮಾತ್ರೆ ಮಾಡದ ಕೆಲಸ ಒಂದೇ ಭೇಟಿಯಲ್ಲಿ ಆಗುತ್ತದೆ.

ಕೆಳದವಡೆಯ ನೋವೆಲ್ಲ ಹಲ್ಲಿನದೂ ಅಲ್ಲ. ಮೆಟ್ಟಿಲು ಹತ್ತುವಾಗ ಬಂದು ನಿಂತಾಗ ಹೋಗುವ, ಬೆವರು, ಎದೆಬಿಗಿತ ಜೊತೆಗಿರುವ ದವಡೆನೋವು ಹೃದಯದ್ದಿರಬಹುದು. ಅದಕ್ಕೆ ಹೋಗಬೇಕಾದ್ದು ಹೃದ್ರೋಗದ ವೈದ್ಯರಲ್ಲಿಗೆ.

ಎಲ್ಲಿಗೆ ಹೋಗುವುದು ಎನ್ನುವ ವಿಷಯದಲ್ಲಿ ಕರ್ನಾಟಕ ಬಡವಾಗಿಲ್ಲ. ಬೆಂಗಳೂರು, ಬಳ್ಳಾರಿಯ ಸರ್ಕಾರಿ ದಂತ ಕಾಲೇಜುಗಳು, ಮಣಿಪಾಲ, ಧಾರವಾಡ, ದಾವಣಗೆರೆ, ದೇರಳಕಟ್ಟೆ, ಬೆಳಗಾವಿ, ಮೈಸೂರುಗಳ ಖಾಸಗಿ ಕಾಲೇಜುಗಳು ಇವೆ. ತಾಲ್ಲೂಕು ಆಸ್ಪತ್ರೆಗಳಲ್ಲೂ ದಂತ ಆರೋಗ್ಯಾಧಿಕಾರಿಗಳಿದ್ದಾರೆ. ಕೊರತೆಯಿರುವುದು ವೈದ್ಯರದಲ್ಲ, ಹೊತ್ತಿನದು. ಹೊರರೋಗಿ ವಿಭಾಗ ಸಂಜೆಗೇ ಮುಚ್ಚುತ್ತದೆ. ಆದ್ದರಿಂದ ನಿಮ್ಮೂರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿ ಬಾಯಿ-ದವಡೆಯ ಶಸ್ತ್ರವೈದ್ಯರು ಸಿಗುತ್ತಾರೆಂದು ನೆಮ್ಮದಿಯ ಹಗಲಲ್ಲೇ ವಿಚಾರಿಸಿಡಿ. ಫೋನು ಮಾಡಿದಾಗ ತುಂಬಾ ನೋವು ಎನ್ನುವುದಕ್ಕಿಂತ ಊತ ಎಂದಿನಿಂದ, ಬಾಯಿ ಎಷ್ಟು ತೆರೆಯುತ್ತದೆ, ಜ್ವರವಿದೆಯೇ, ಹಲ್ಲು ಬಿದ್ದು ಎಷ್ಟು ಹೊತ್ತಾಯಿತು ಎಂದು ಹೇಳಿ. ಸಕ್ಕರೆ ಕಾಯಿಲೆಯನ್ನೂ ರಕ್ತ ತೆಳುವಾಗಿಸುವ ಮಾತ್ರೆಯನ್ನೂ ಅವರು ಕೇಳುವ ಮೊದಲೇ ತಿಳಿಸಿ. ಹಲ್ಲು ಕೀಳಿಸಬೇಕಾಗಬಹುದೆಂದು ಆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಬ್ಬಿಯನ್ನೇ ಜೊತೆಗೆ ಒಯ್ಯಿರಿ.