ಕೊಯಮತ್ತೂರಿನ ‘ಬೆಟ್ಟದ ಕಳ್ಳ’

1957ರಲ್ಲಿ ‘ಬೆಟ್ಟದ ಕಳ್ಳ’ ಎಂಬ ಕನ್ನಡ ಚಲನಚಿತ್ರ ತೆರೆಗೆ ಬಂದಿತು. ಕಲ್ಯಾಣ್ ಕುಮಾರ್ ಅದರ ನಾಯಕ. ಪಂಢರಿಬಾಯಿಯವರ ತಂಗಿ ಮೈನಾವತಿ ನಾಯಕಿ. ಅದನ್ನು ನಿರ್ಮಿಸಿ ನಿರ್ದೇಶಿಸಿದವರು ಕೊಯಮತ್ತೂರಿನ ಪಕ್ಷಿರಾಜ ಸ್ಟುಡಿಯೋದ ಒಡೆಯರಾಗಿದ್ದ ಎಸ್. ಎಂ. ಶ್ರೀರಾಮುಲು ನಾಯ್ಡು. ಕನ್ನಡ ಚಿತ್ರರಂಗವೆಂದರೆ ಬೆಂಗಳೂರಿನ ಗಾಂಧಿನಗರವೆಂದು ತಿಳಿದು ಬೆಳೆಯುತ್ತಿರುವ ಇಲ್ಲಿನ ಕನ್ನಡ ಶಾಲೆಯ ಮಕ್ಕಳಿಗೆ, ತಮ್ಮ ಊರಿನ ಸ್ಟುಡಿಯೋವೊಂದು ಕನ್ನಡ ಚಿತ್ರವನ್ನು ಕೊಟ್ಟಿತೆಂಬ ಸಂಗತಿಯನ್ನು ಯಾವ ಪಾಠವೂ ಹೇಳಿಕೊಡುವುದಿಲ್ಲ.

ಕೊಯಮತ್ತೂರಿಗೆ ಸಿನಿಮಾ ಬಹು ಬೇಗ ಒಲಿದಿತ್ತು. ತಿರುಚಿರಾಪಳ್ಳಿಯಲ್ಲಿ ರೈಲ್ವೆ ನೌಕರರಾಗಿದ್ದ ಸ್ವಾಮಿಕಣ್ಣು ವಿನ್ಸೆಂಟ್ ಅವರು 1905ರಲ್ಲಿ ಫ್ರೆಂಚನೊಬ್ಬನಿಂದ ಪ್ರೊಜೆಕ್ಟರ್ ಕೊಂಡು ಊರೂರು ಸುತ್ತಿ ಡೇರೆಗಳಲ್ಲಿ ಚಿತ್ರ ತೋರಿಸಿದರು. 1914ರಲ್ಲಿ ಅವರು ವೆರೈಟಿ ಹಾಲ್ ಕಟ್ಟಿದ್ದು ಕೊಯಮತ್ತೂರಿನಲ್ಲಿಯೇ. ಮುಂದೆ ಪೈಕಾರದ ಜಲವಿದ್ಯುತ್ತು ಬಂದಿತು, ಹತ್ತಿ ಗಿರಣಿಗಳು ಹೆಚ್ಚಿದವು. ಗಿರಣಿಯ ಹಣ ಸಿನಿಮಾದತ್ತಲೂ ಹರಿಯಿತು. 1930ರ ದಶಕದಲ್ಲಿ ಸಿಂಗಾನಲ್ಲೂರಿನಲ್ಲಿ ಸೆಂಟ್ರಲ್ ಸ್ಟುಡಿಯೋ ಎದ್ದುನಿಂತಾಗ ಅದರ ಪಾಲುದಾರರಲ್ಲಿ ಶ್ರೀರಾಮುಲು ನಾಯ್ಡು ಒಬ್ಬರು.

ಅವರು ನಿರ್ದೇಶಕರಾದ ಬಗೆಯೂ ಸ್ವಾರಸ್ಯಕರ. ತ್ಯಾಗರಾಜ ಭಾಗವತರ್ ನಾಯಕರಾಗಿದ್ದ ‘ಶಿವಕವಿ’ಯನ್ನು ಆರಂಭಿಸಿದವರು ರಾಜಾ ಸ್ಯಾಂಡೋ. ಅವರು ನಡುವೆ ಹೊರನಡೆದಾಗ ಚಿತ್ರವನ್ನು ಪೂರ್ಣಗೊಳಿಸುವ ಹೊಣೆಯನ್ನು ನಾಯ್ಡು ತಾವೇ ಹೊತ್ತರು. 1943ರಲ್ಲಿ ಬಿಡುಗಡೆಯಾದ ಆ ಚಿತ್ರ ಜಯಭೇರಿ ಬಾರಿಸಿತು. ಮರುವರ್ಷ ‘ಜಗತಲಪ್ರತಾಪನ್’ ಬಂದಿತು. ಪಾಲುದಾರರ ಒಪ್ಪಿಗೆಗೆ ಕಾಯದೆ ತನ್ನ ಇಚ್ಛೆಯಂತೆ ಚಿತ್ರ ತೆಗೆಯಬೇಕೆನ್ನುವವನಿಗೆ ಸ್ವಂತ ಸ್ಟುಡಿಯೋ ಬೇಕಾಗುತ್ತದೆ. ಪಕ್ಷಿರಾಜ ಸ್ಟುಡಿಯೋ ಹುಟ್ಟಿತು.

ಕಥೆಗಾಗಿ ಅವರು ಪುಸ್ತಕಗಳ ಕಡೆಗೆ ನೋಡುತ್ತಿದ್ದರು. ವಿಕ್ಟರ್ ಹ್ಯೂಗೋನ ಮಹಾಕಾದಂಬರಿ ‘ಏಳೈ ಪಡುಂ ಪಾಡು’ (1950) ಆಯಿತು. ಲೇಖಕಿ ಲಕ್ಷ್ಮಿಯವರ ಕಾದಂಬರಿ ‘ಕಾಂಚನಾ’ (1952) ಆಯಿತು. ಮೂರನೆಯದು ನಾಮಕ್ಕಲ್ ಕವಿ ರಾಮಲಿಂಗಂ ಪಿಳ್ಳೆಯವರ ‘ಮಲೈಕ್ಕಳ್ಳನ್’. ಬೆಟ್ಟದಲ್ಲಿ ಅಡಗಿರುವ ಕಳ್ಳ, ಉಳ್ಳವರಿಂದ ಕಿತ್ತು ಇಲ್ಲದವರಿಗೆ ಕೊಡುವವ. ಊರಿನೊಳಗೆ ವೇಷ ಮರೆಸಿದ ವರ್ತಕ. ಅಪಹೃತಳಾದ ಸಿರಿವಂತರ ಮಗಳು. ಕೊನೆಗೆ ಕಳ್ಳನೇ ಅವಳ ಬಂಧುವೆಂಬ ರಹಸ್ಯ. ಎಂ. ಜಿ. ರಾಮಚಂದ್ರನ್, ಭಾನುಮತಿ ನಟಿಸಿ, ಕರುಣಾನಿಧಿ ಸಂಭಾಷಣೆ ಬರೆದ 1954ರ ಈ ಚಿತ್ರ ರಾಷ್ಟ್ರಪತಿಗಳ ಬೆಳ್ಳಿಪದಕ ಪಡೆಯಿತು.

ನಾಯ್ಡು ಅಲ್ಲಿಗೆ ನಿಲ್ಲಲಿಲ್ಲ. ಅದೇ ವರ್ಷ ಎನ್. ಟಿ. ರಾಮರಾವ್ ಅವರೊಂದಿಗೆ ತೆಲುಗಿನ ‘ಅಗ್ಗಿ ರಾಮುಡು’, 1955ರಲ್ಲಿ ದಿಲೀಪ್ ಕುಮಾರ್, ಮೀನಾಕುಮಾರಿ ಅವರೊಂದಿಗೆ ಹಿಂದಿಯ ‘ಆಜಾದ್’, 1957ರಲ್ಲಿ ಸತ್ಯನ್, ರಾಗಿಣಿ ಅವರೊಂದಿಗೆ ಮಲಯಾಳದ ‘ತಸ್ಕರವೀರನ್’. ಸಿಂಹಳದಲ್ಲಿ ‘ಸೂರಸೇನ’, ಕನ್ನಡದಲ್ಲಿ ‘ಬೆಟ್ಟದ ಕಳ್ಳ’. ಒಂದೇ ಕಥೆ, ಆರು ಭಾಷೆ. ‘ಆಜಾದ್’ನ ಹಾಡುಗಳನ್ನು ಒಂದೇ ತಿಂಗಳಲ್ಲಿ ಮುಗಿಸಿಕೊಡಬೇಕೆಂದಾಗ ನೌಶಾದ್ ಒಪ್ಪದೆ, ಕೆಲಸ ಸಿ. ರಾಮಚಂದ್ರ ಅವರ ಪಾಲಿಗೆ ಬಂದದ್ದು ಪ್ರಸಿದ್ಧ ಪ್ರಸಂಗ. ನಾಯ್ಡು ಅವರ ಅವಸರ ಅಂಥದು! ಆ ಅವಸರವೇ ಅವರ ಮಿತಿಯೂ ಹೌದು. ಒಮ್ಮೆ ಗೆದ್ದ ಅಚ್ಚಿನಲ್ಲಿ ಮತ್ತೆ ಮತ್ತೆ ಎರಕ ಹೊಯ್ಯುವವನನ್ನು ಸೃಷ್ಟಿಶೀಲ ನಿರ್ದೇಶಕರ ಸಾಲಿನಲ್ಲಿ ಕೂರಿಸಲು ವಿಮರ್ಶಕರು ಹಿಂಜರಿದರೆ ತಪ್ಪೆನ್ನಲಾಗದು. ಆದರೂ ಆ ಲೆಕ್ಕದಲ್ಲಿ ಕನ್ನಡವನ್ನು ಅವರು ಬಿಡಲಿಲ್ಲ. ಮಾರುಕಟ್ಟೆ ಚಿಕ್ಕದೆಂದು ಕೈಬಿಡುವುದು ಸುಲಭವಾಗಿತ್ತು.

ಅಂದಿನ ಭೂಪಟವನ್ನೂ ಇಲ್ಲಿ ನೆನೆಯಬೇಕು. ತಮಿಳಿನ ಕಳ್ಳ ತೆರೆಗೆ ಬಂದ 1954ರಲ್ಲಿ ಕೊಳ್ಳೇಗಾಲ ತಾಲೂಕು ಕೊಯಮತ್ತೂರು ಜಿಲ್ಲೆಯಲ್ಲಿಯೇ ಇತ್ತು. ತಾಳವಾಡಿ ಸೀಮೆಯೂ ಅಷ್ಟೇ. ಅದೇ ವರ್ಷ ‘ಬೇಡರ ಕಣ್ಣಪ್ಪ’ನಾಗಿ ನಾಡಿಗೆ ಪರಿಚಿತರಾದ ರಾಜಕುಮಾರ್ ಹುಟ್ಟಿದ ಗಾಜನೂರು ಆಗ ಇದೇ ಜಿಲ್ಲೆಯ ಹಳ್ಳಿ. (ಅವರ ಹೆಸರಿನ ಮುಂದಿರುವ ಸಿಂಗಾನಲ್ಲೂರು ಕೊಳ್ಳೇಗಾಲದ ಕಡೆಯದು, ಸ್ಟುಡಿಯೋ ಇದ್ದ ಸಿಂಗಾನಲ್ಲೂರು ಬೇರೆ.) 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದ್ರಾಸಿನಲ್ಲಿ ಉಳಿಯಿತು. ‘ಬೆಟ್ಟದ ಕಳ್ಳ’ ಬಂದದ್ದು ಗಡಿರೇಖೆ ಬಿದ್ದ ಮರುವರ್ಷ. ದೇವಾಂಗದವರ ಮಗ್ಗದ ಮನೆಗಳಲ್ಲಿ, ಒಕ್ಕಲಿಗರ ಹೊಲಗಳಲ್ಲಿ ಕನ್ನಡ ಮೊದಲಿನಂತೆಯೇ ಕೇಳಿಬರುತ್ತಿತ್ತು. ಸರಕಾರದ ಕಾಗದಪತ್ರಗಳಲ್ಲಿ ಮಾತ್ರ ಅವರು ಭಾಷಾ ಅಲ್ಪಸಂಖ್ಯಾತರಾಗಿದ್ದರು.

ಅನಂತರ ನಾಯ್ಡು ಶಿವಾಜಿ ಗಣೇಶನ್ ಅವರ ‘ಮರಗದಂ’ (1959), ಮಲಯಾಳದ ‘ಶಬರಿಮಲ ಅಯ್ಯಪ್ಪನ್’ (1961) ಮೊದಲಾದವನ್ನು ತೆಗೆದರು. ಅಷ್ಟರಲ್ಲಿ ಚಿತ್ರೋದ್ಯಮ ಮದ್ರಾಸಿಗೆ ಸರಿದಿತ್ತು, ಕೊಯಮತ್ತೂರಿನ ಸ್ಟುಡಿಯೋಗಳು ಒಂದೊಂದಾಗಿ ಮುಚ್ಚಿದವು. ಪಕ್ಷಿರಾಜವನ್ನು ಬಿಟ್ಟುಕೊಟ್ಟ ನಾಯ್ಡು ಹೋದದ್ದು ಬೆಂಗಳೂರಿಗೆ. ಅಲ್ಲಿ ಅವರು ಕಟ್ಟಿದ ಚಾಮುಂಡೇಶ್ವರಿ ಸ್ಟುಡಿಯೋದಲ್ಲಿ ಮುಂದೆ ಅನೇಕ ಕನ್ನಡ ಚಿತ್ರಗಳ ಕೆಲಸ ನಡೆಯಿತು.

ಕಾನೂನಿನ ಮಾತೊಂದು ಉಳಿದಿದೆ. ನಮ್ಮ ಕೃತಿಸ್ವಾಮ್ಯ ಅಧಿನಿಯಮವೂ 1957ರದೇ. ಅದರಂತೆ ಚಲನಚಿತ್ರದ ಸ್ವಾಮ್ಯ ಪ್ರಕಟಣೆಯ ಮರುವರ್ಷದಿಂದ 60 ವರ್ಷ. 1957ರ ಚಿತ್ರವೊಂದಕ್ಕೆ ಆ ಗಡುವು 2017ರ ಕೊನೆಗೆ ತೀರುತ್ತದೆ. ಶಾಲೆಯೊಂದು ಇಂಥ ಚಿತ್ರವನ್ನು ಮಕ್ಕಳಿಗೆ ತೋರಿಸಬಯಸಿದರೆ ಎದುರಾಗುವ ತೊಡಕು ಪರವಾನಗಿಗಿಂತ ಹೆಚ್ಚಾಗಿ ಪ್ರತಿಯದು. ಫಿಲ್ಮ್ ಸುರುಳಿ ತೇವಕ್ಕೂ ಬಿಸಿಲಿಗೂ ಬೇಗ ಕೆಡುತ್ತದೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರ ಆರಂಭವಾದದ್ದೇ 1964ರಲ್ಲಿ. ಸಂವಿಧಾನದ 29ನೆಯ ವಿಧಿ ತನ್ನ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಕಾಪಾಡಿಕೊಳ್ಳುವ ಹಕ್ಕನ್ನು ನಾಗರಿಕರ ಪ್ರತಿಯೊಂದು ವರ್ಗಕ್ಕೂ ಕೊಟ್ಟಿದೆ. ಕಾಪಾಡಬೇಕಾದ ವಸ್ತು ಎಲ್ಲಿದೆಯೆಂದು ಹುಡುಕುವ ಕೆಲಸವನ್ನು ಮಾತ್ರ ಅದು ಯಾರಿಗೂ ವಹಿಸಿಲ್ಲ.

1957ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತರ ಆಸುಪಾಸು. ಆ ಕಾಲದಲ್ಲಿ ಚಿತ್ರಮಂದಿರಗಳ ಬಾಗಿಲಲ್ಲಿ ಕಥಾಸಾರವಿರುವ ಹಾಡಿನ ಪುಸ್ತಕಗಳನ್ನು ಕೆಲವೇ ಕಾಸಿಗೆ ಮಾರುತ್ತಿದ್ದರು. ಕೊಯಮತ್ತೂರು, ತಿರುಪ್ಪೂರುಗಳ ಕನ್ನಡ ಮನೆಗಳಲ್ಲಿ ಅಜ್ಜ ಅಜ್ಜಿಯರ ಟ್ರಂಕು ತೆರೆದು ನೋಡುವವರು, ಬಣ್ಣಗೆಟ್ಟ ಅಂಥ ಪುಸ್ತಕ ಸಿಕ್ಕರೆ ಅದನ್ನು ಹಳೆಯ ಕಾಗದದವನಿಗೆ ಹಾಕುವ ಮೊದಲು ಮೇಲಿನ ಹೆಸರನ್ನು ಒಮ್ಮೆ ಓದಬೇಕು.