ಹೊಟ್ಟೆ ಆಪರೇಷನ್ ಇದೆಯೇ? ಉಸಿರಾಟ ಈಗಲೇ ಕಲಿಯಿರಿ

ಆಪರೇಷನ್ ಹೊಟ್ಟೆಗೆ, ವ್ಯಾಯಾಮ ಶ್ವಾಸಕೋಶಕ್ಕೆ ಯಾಕೆ? ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲೋ ಬಾಪೂಜಿ ಆಸ್ಪತ್ರೆಯಲ್ಲೋ ನಿಮ್ಮವರು ಕರುಳಿನ ಆಪರೇಷನ್‌ಗೆ ದಾಖಲಾಗಿದ್ದರೆ ಈ ಸಂಶಯ ಬಂದೇ ಬರುತ್ತದೆ.

ಶ್ವಾಸಕೋಶದ ಕೆಳಗೆ ವಪೆ ಎಂಬ ಸ್ನಾಯು ಇದೆ. ಉಸಿರೆಳೆದಾಗ ಅದು ಕೆಳಗಿಳಿದು ಹೊಟ್ಟೆ ಉಬ್ಬುತ್ತದೆ. ಹೊಲಿಗೆ ಬಿದ್ದ ಹೊಟ್ಟೆ ಉಬ್ಬಿದರೆ ನೋವು. ಹಾಗಾಗಿ ರೋಗಿ ಮೇಲಮೇಲೆ ಉಸಿರಾಡುತ್ತಾರೆ. ತಳದ ಗಾಳಿಚೀಲಗಳು ಮುದುಡುತ್ತವೆ. ವೈದ್ಯರು ಇದನ್ನು ಅಟೆಲೆಕ್ಟಾಸಿಸ್ ಎನ್ನುತ್ತಾರೆ. ಕಫ ಅಲ್ಲೇ ನಿಂತರೆ ನ್ಯುಮೋನಿಯಾ ಆಗಬಹುದು.

ಇದಕ್ಕೇ ಸ್ಪೈರೋಮೀಟರ್, ಅಂದರೆ ಮೂರು ಚೆಂಡುಗಳ ಪ್ಲಾಸ್ಟಿಕ್ ಸಾಧನ ಕೊಡುತ್ತಾರೆ. ಬೆನ್ನು ನೆಟ್ಟಗೆ ಮಾಡಿ ಕೂರಿ. ಮೊದಲು ಉಸಿರು ಪೂರ್ತಿ ಬಿಡಿ. ಕೊಳವೆಯನ್ನು ತುಟಿಯಲ್ಲಿ ಬಿಗಿಯಾಗಿ ಹಿಡಿದು ನಿಧಾನವಾಗಿ ಒಳಗೆಳೆಯಿರಿ. ಊದಬೇಡಿ, ಬಹಳ ಜನ ತಪ್ಪುವುದು ಇಲ್ಲೇ. ಚೆಂಡು ಮೇಲೇರಿದಾಗ ಎರಡು-ಮೂರು ಸೆಕೆಂಡ್ ಹಿಡಿದು ಬಿಡಿ. ಎಚ್ಚರವಿದ್ದಾಗ ಗಂಟೆಗೆ ಸುಮಾರು 10 ಸಲ ಮಾಡಿಸುವುದು ರೂಢಿ. ತಲೆ ಸುತ್ತಿದರೆ ನಿಲ್ಲಿಸಿ. ಮೂರನೇ ಚೆಂಡು ಏಳಲಿಲ್ಲವೆಂದು ಚಿಂತೆ ಬೇಡ.

ಕೆಮ್ಮಿದರೆ ಹೊಲಿಗೆ ಬಿಚ್ಚೀತು ಎಂದು ಮನೆಯವರು ತಡೆಯುತ್ತಾರೆ. ತಡೆಯಬೇಡಿ. ತಲೆದಿಂಬನ್ನು ಗಾಯದ ಮೇಲೆ ಎರಡೂ ಕೈಯಿಂದ ಒತ್ತಿ ಹಿಡಿದು ಕೆಮ್ಮಲಿ. ನೋವು ತಡೆಯಲಾಗದಿದ್ದರೆ ನರ್ಸ್‌ಗೆ ಹೇಳಿ. ನೋವು ತಗ್ಗದೆ ಆಳವಾದ ಉಸಿರು ಸಾಧ್ಯವಿಲ್ಲ.

ನನ್ನ ಮಟ್ಟಿಗೆ ಚೆಂಡಿಗಿಂತ ದೊಡ್ಡದು ಎದ್ದು ಕೂರುವುದು, ನಡೆಯುವುದು ಮತ್ತು ಮುಂಚೆಯೇ ಕಲಿಯುವುದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ 441 ರೋಗಿಗಳ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಹೊಟ್ಟೆಯ ಮೇಲ್ಭಾಗದ ದೊಡ್ಡ ಆಪರೇಷನ್‌ಗೆ ಮುಂಚೆ ಫಿಸಿಯೋಥೆರಪಿಸ್ಟ್ ಬರೀ ಅರ್ಧ ಗಂಟೆ ಉಸಿರಾಟ ಹೇಳಿಕೊಟ್ಟವರಲ್ಲಿ ಶ್ವಾಸಕೋಶದ ತೊಂದರೆ ಅರ್ಧಕ್ಕಿಳಿದಿತ್ತು. ಕಲಿಸಿದ್ದು ಚೆಂಡಿಲ್ಲದ ಉಸಿರಾಟವನ್ನೇ!

ಸಾಧನ ಮೆಡಿಕಲ್ ಶಾಪ್‌ಗಳಲ್ಲಿ ಸಾಮಾನ್ಯವಾಗಿ 200ರಿಂದ 500 ರೂಪಾಯಿಗೆ ಸಿಗುತ್ತದೆ. ಒಬ್ಬರದನ್ನು ಇನ್ನೊಬ್ಬರು ಬಳಸಬಾರದು. ಆಸ್ಪತ್ರೆಯಿಂದ ಊರಿಗೆ ಮರಳುವಾಗ ಎಷ್ಟು ದಿನ ಮುಂದುವರಿಸಬೇಕೆಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಮನೆಯಲ್ಲಿ ಜ್ವರ, ಹಳದಿ-ಹಸಿರು ಕಫ ಕಂಡರೆ ಅಂದೇ ವೈದ್ಯರಿಗೆ ತೋರಿಸಿ. ಏದುಸಿರು, ಎದೆನೋವು ಬಂದರೆ ಕಾಯದೆ 108ಕ್ಕೆ ಕರೆ ಮಾಡಿ.

ಆಪರೇಷನ್ ದಿನ ಗೊತ್ತಾದ ಕೂಡಲೇ ಫಿಸಿಯೋಥೆರಪಿಸ್ಟ್‌ರನ್ನು ಕಾಣಬಹುದೇ ಎಂದು ನಿಮ್ಮ ಸರ್ಜನ್‌ರನ್ನು ಕೇಳಿ.