ಊರಿನ ಸೌಖ್ಯಕ್ಕೆ ಊರಿನದೇ ಅಳತೆ ಬೇಕು

ಧಾರವಾಡ ಜಿಲ್ಲೆಯ ಸರಾಸರಿ ಅಂಕಿ ನೋಡಿದರೆ ನವಲಗುಂದದ ಹಳ್ಳಿಯ ಬದುಕು ತಿಳಿಯುವುದಿಲ್ಲ. 2011ರ ಜನಗಣತಿ ಪ್ರಕಾರ ಜಿಲ್ಲೆಯ 18.47 ಲಕ್ಷ ಜನರಲ್ಲಿ ಶೇ 57ರಷ್ಟು ಮಂದಿ ಪಟ್ಟಣವಾಸಿಗಳು. ಹುಬ್ಬಳ್ಳಿ–ಧಾರವಾಡ ಅವಳಿ ನಗರದಲ್ಲೇ 9.4 ಲಕ್ಷ ಜನ. ಅಲ್ಲಿನ ಆಸ್ಪತ್ರೆ, ಕಾಲೇಜು, ಆದಾಯ ಸೇರಿ ಇಡೀ ಜಿಲ್ಲೆಯ ಲೆಕ್ಕವನ್ನು ಮೇಲೆತ್ತುತ್ತವೆ. ಕುಂದಗೋಳದ ಹತ್ತಿ ಹೊಲ, ಕಲಘಟಗಿಯ ಕಾಡಂಚಿನ ಊರು, ಅಣ್ಣಿಗೇರಿಯ ಎರೆಭೂಮಿ ಆ ಲೆಕ್ಕದಲ್ಲಿ ಮರೆಯಾಗುತ್ತವೆ.

ಈ ತೊಡಕನ್ನು ಕರ್ನಾಟಕ ಬೇಗನೆ ಗುರುತಿಸಿತು. 1999ರಲ್ಲಿ ರಾಜ್ಯದ ಮೊದಲ ಮಾನವ ಅಭಿವೃದ್ಧಿ ವರದಿ ಜಿಲ್ಲೆಗಳನ್ನು ಅಳೆಯಿತು. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ತಾಲ್ಲೂಕಿಗೇ ಇಳಿಯಿತು. 35 ಸೂಚಕಗಳನ್ನು ಹಿಡಿದು 175 ತಾಲ್ಲೂಕುಗಳನ್ನು ತೂಗಿ, 114 ಹಿಂದುಳಿದಿವೆ ಎಂದಿತು. ಪ್ರಾದೇಶಿಕ ಅಸಮಾನತೆಯ ಕೂಗಿಗೆ ಅಂಕಿಗಳ ಬಲ ಬಂದದ್ದು ಆಗ. ಆದರೆ ಅಣ್ಣಿಗೇರಿ ಅಂದು ನವಲಗುಂದ ತಾಲ್ಲೂಕಿನೊಳಗಿತ್ತು. ಅದರ ಕಷ್ಟಸುಖಕ್ಕೆ ಬೇರೆ ಸಾಲು ಇರಲಿಲ್ಲ. ತಾಲ್ಲೂಕಿನ ಸರಾಸರಿಯೂ ಊರನ್ನು ಮುಚ್ಚಬಲ್ಲದು.

ಈಗ ಲೆಕ್ಕ ಗ್ರಾಮ ಪಂಚಾಯಿತಿಗೆ ಬಂದಿದೆ. ಕೇಂದ್ರದ ಪಂಚಾಯತಿ ರಾಜ್ ಸಚಿವಾಲಯವು 2022–23ನೇ ಸಾಲಿನ ‘ಪಂಚಾಯತ್ ಅಡ್ವಾನ್ಸ್‌ಮೆಂಟ್ ಇಂಡೆಕ್ಸ್’ ಅನ್ನು 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಬಡತನ, ಆರೋಗ್ಯ, ಮಕ್ಕಳು, ನೀರು, ಮಹಿಳೆಯರು ಹೀಗೆ ಒಂಬತ್ತು ವಿಷಯ, 435 ಸೂಚಕ. ಲೆಕ್ಕಕ್ಕೆ ಬಂದ 2.16 ಲಕ್ಷ ಪಂಚಾಯಿತಿಗಳಲ್ಲಿ ಒಂದೂ 90ರ ಮೇಲಿನ ದರ್ಜೆ ಮುಟ್ಟಲಿಲ್ಲ. ಇದು ದೊಡ್ಡ ಹೆಜ್ಜೆ. ಆದರೂ 435 ಸೂಚಕಗಳ ಪಟ್ಟಿ ಕಂಪ್ಯೂಟರಿನಲ್ಲಿ ತುಂಬುವವರಿಗೆ ಗೊತ್ತು, ಕಟ್ಟೆಯ ಮೇಲೆ ಕುಳಿತವರಿಗೆ ಗೊತ್ತಿಲ್ಲ.

ಕಟ್ಟಿದ್ದಲ್ಲ, ಬಳಸಿದ್ದು

ಏನನ್ನು ಎಣಿಸುತ್ತೇವೆ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. ಕಟ್ಟಿದ ಶೌಚಾಲಯಗಳನ್ನು ಎಣಿಸಿ 2019ರ ಅಕ್ಟೋಬರ್ 2ರಂದು ಗ್ರಾಮೀಣ ಭಾರತ ಬಯಲು ಶೌಚಮುಕ್ತ ಎಂದು ಘೋಷಿಸಲಾಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬಳಕೆಯನ್ನು ಕೇಳಿತು. ದೇಶದ ಶೇ 19ರಷ್ಟು ಮನೆಗಳ ಜನ ಯಾವುದೇ ಶೌಚಾಲಯ ಬಳಸುತ್ತಿರಲಿಲ್ಲ.

ನೀರಿನದೂ ಇದೇ ಕಥೆ. ನವಲಗುಂದ ಸೀಮೆಯ ಎಷ್ಟೋ ಊರುಗಳಲ್ಲಿ ಅಂತರ್ಜಲ ಸವಳು. ಮಲಪ್ರಭಾ ಕಾಲುವೆಯಿಂದ ತುಂಬಿಸಿದ ಕೆರೆಯ ನೀರೇ ತಲೆಮಾರುಗಳ ಕಾಲ ಜೀವ ಕಾದಿದೆ. ಜಿಲ್ಲೆಯ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಯಿತು. ವೆಚ್ಚ 1,040 ಕೋಟಿ ರೂಪಾಯಿಗೂ ಹೆಚ್ಚು. ಜಲಜೀವನ ಮಿಷನ್ನಿನ ಗುರಿ ತಲೆಗೆ ದಿನಕ್ಕೆ 55 ಲೀಟರ್. ಹಾಗಾಗಿ ಎಷ್ಟು ಮನೆಗೆ ನಳ ಬಂತು ಎಂದಷ್ಟೇ ಬರೆದುಕೊಂಡರೆ ಸಾಲದು. ವಾರದಲ್ಲಿ ಎಷ್ಟು ದಿನ ನೀರು ಬಂತು, ಊರಿನ ಕಡೆಯ ಓಣಿಗೂ ಬಂತೇ, ಬೇಸಿಗೆಯಲ್ಲೂ ಬಂತೇ ಎಂದು ಕೇಳಬೇಕು.

ಹೀಗೆ ಪ್ರತಿ ಸೀಮೆಗೂ ತನ್ನದೇ ಪ್ರಶ್ನೆಗಳಿವೆ. ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿದಾಗ ಹೊಲದ ದಾರಿ ಎಷ್ಟು ದಿನ ಮುಚ್ಚಿತ್ತು? ಮುಂಗಾರಿ ಹೆಸರು, ಹಿಂಗಾರಿ ಕಡಲೆ ಮಾರಿದ ಮೇಲೆ ಕೈಗಡ ತೀರಿತೇ? ಮಳೆ ನೆಚ್ಚಿದ ಕುಂದಗೋಳದ ಊರುಗಳಲ್ಲಿ ಗುಳೆ ಹೋದ ಮನೆಗಳೆಷ್ಟು, ಅವರ ಮಕ್ಕಳು ಶಾಲೆಯಲ್ಲಿ ಉಳಿದರೇ? 2023ರ ಜೂನ್‌ನಿಂದ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತ. ಕಲಘಟಗಿಯ ಒಳಹಳ್ಳಿಯ ಹುಡುಗಿಗೆ ಕಾಲೇಜಿನ ಹೊತ್ತಿಗೆ ಬಸ್ ಬರುತ್ತದೆಯೇ?

ಹತ್ತು ಪ್ರಶ್ನೆ ಸಾಕು

ಪುಟ್ಟ ಭೂತಾನ್ ‘ಒಟ್ಟು ರಾಷ್ಟ್ರೀಯ ಸಂತೋಷ’ವನ್ನು 33 ಸೂಚಕಗಳಲ್ಲಿ ಅಳೆಯುತ್ತದೆ. ನಿದ್ದೆ, ನೆರೆಹೊರೆಯ ನಂಟು ಕೂಡ ಆ ಪಟ್ಟಿಯಲ್ಲಿವೆ. ನಮ್ಮ ಊರಿಗೆ ಹತ್ತು ಸಾಕು. ಆದರೆ ಆರಿಸುವವರು ಊರವರಾಗಿರಬೇಕು. ಮಹಿಳಾ ಸಂಘದವರು, ಕೂಲಿಕಾರರು, ದಲಿತ ಕೇರಿಯ ಹಿರಿಯರು, ಕಾಲೇಜು ಓದುವ ಮಕ್ಕಳು ಬೇರೆ ಬೇರೆ ಕುಳಿತು ತಮ್ಮ ಪಟ್ಟಿ ಮಾಡಲಿ, ಆಮೇಲೆ ಕೂಡಿಸಲಿ. ಒಟ್ಟಿಗೆ ಕೂತರೆ ಗಟ್ಟಿ ದನಿಯವರ ಬೇಡಿಕೆಯೇ ಊರಿನ ಬೇಡಿಕೆಯಾಗಿಬಿಡುತ್ತದೆ. ಪ್ರತಿ ವರ್ಷ ಅದೇ ತಿಂಗಳಲ್ಲಿ, ಅದೇ ಪ್ರಶ್ನೆಗಳನ್ನು, ಓಣಿವಾರು ಕೇಳಬೇಕು. ಇಲ್ಲವಾದರೆ ಹೋದ ವರ್ಷಕ್ಕೂ ಈ ವರ್ಷಕ್ಕೂ ತಾಳೆಯಾಗದು. ಅಳತೆ ಹಾಕುವುದನ್ನು ಕಲಿಸಲು ದೂರ ಹೋಗಬೇಕಿಲ್ಲ. ಕೃಷಿ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯ, ಅಭಿವೃದ್ಧಿ ಸಂಶೋಧನಾ ಸಂಸ್ಥೆ ಸಿಎಂಡಿಆರ್ ಮೂರೂ ಧಾರವಾಡದಲ್ಲೇ ಇವೆ.

ಬಂದ ಉತ್ತರ ಪಂಚಾಯಿತಿ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇರಬೇಕು, ಗ್ರಾಮಸಭೆಯಲ್ಲಿ ಓದಬೇಕು, ಮುಂದಿನ ಕ್ರಿಯಾಯೋಜನೆಯಲ್ಲಿ ಅದಕ್ಕೆ ಹಣ ಕಾಣಬೇಕು. ಹಣಕ್ಕೆ ದಾರಿಯಾಗದ ಸೂಚಕ ಬರೀ ಕಾಗದ.

ಪ್ರಾದೇಶಿಕ ಅಸಮಾನತೆಯನ್ನು ಮತ್ತೆ ಅಳೆಯಲು ರಾಜ್ಯ ಸರ್ಕಾರ 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದರಾವ್ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ಸಮಿತಿಗಳು ತಾಲ್ಲೂಕನ್ನು ನೋಡುತ್ತವೆ. ಓಣಿಯನ್ನು ನೋಡಬೇಕಾದವರು ನಾವು. ನಿಮ್ಮ ಊರಿನ ಮುಂದಿನ ಗ್ರಾಮಸಭೆಗೆ ತಪ್ಪದೇ ಹೋಗಿ. ಕಾಮಗಾರಿ ಪಟ್ಟಿ ಓದುವ ಮೊದಲು ಈ ವರ್ಷ ಊರು ಹೇಗಿದೆ ಎಂಬ ಲೆಕ್ಕ ಓದಿರೆಂದು ಕೇಳಿ. ಅದನ್ನು ಕೇಳುವ ಹಕ್ಕು ಪ್ರತಿ ಮತದಾರನಿಗಿದೆ.